ಲಿಫ್ಟ್ ಹತ್ತಿಸುತ್ತದೆ, ಇಳಿಯುವುದು ಸವಾರನ ಪಾಲು

ಜುಲೈ ತಿಂಗಳ ಬೆಳಗಿನ ಹೊತ್ತು ಫ್ರಾನ್ಸಿನ ಮೊರ್ಜಿನ್ ಊರಿನಲ್ಲಿ ಪ್ಲೆನೆ ಲಿಫ್ಟಿನ ಮುಂದೆ ಉದ್ದನೆಯ ಸಾಲು. ಚಳಿಗಾಲದಲ್ಲಿ ಜನ ಸ್ಕೀ ಹಿಡಿದು ನಿಲ್ಲುವ ಜಾಗ ಅದು. ಬೇಸಿಗೆಯಲ್ಲಿ ಅಲ್ಲಿ ನಿಲ್ಲುವವರ ಕೈಯಲ್ಲಿ ದಪ್ಪ ಟೈರಿನ ಸೈಕಲ್, ತಲೆಗೆ ಗಲ್ಲದವರೆಗೂ ಮುಚ್ಚುವ ಹೆಲ್ಮೆಟ್, ಮೊಣಕಾಲಿಗೆ ಪ್ಯಾಡ್. ಲಿಫ್ಟಿಗೆ ಸೈಕಲ್ ಏರಿಸಿ ಕುಳಿತರೆ ಕೆಲವೇ ನಿಮಿಷಗಳಲ್ಲಿ ಊರಿಗಿಂತ ಸುಮಾರು 500 ಮೀಟರ್ ಎತ್ತರದ ಬೆಟ್ಟದ ನೆತ್ತಿ. ಅಲ್ಲಿಂದ ಕಾಡಿನ ನಡುವೆ ಸುತ್ತುತ್ತ ಇಳಿಯುವ ಮಣ್ಣಿನ ದಾರಿ. ಕೆಳಗೆ ಮುಟ್ಟಿದರೆ ಮತ್ತದೇ ಸಾಲು. ದಿನಕ್ಕೆ ಹತ್ತು ಸಲ ಹೀಗೆ ಮಾಡಿದವರು ಸಂಜೆಯೊಳಗೆ 5,000 ಮೀಟರ್ ಇಳಿದಿರುತ್ತಾರೆ. ಪೆಡಲ್ ತುಳಿದು ಹತ್ತಿದ್ದು ಹೆಚ್ಚುಕಡಿಮೆ ಸೊನ್ನೆ.

ಆಲ್ಪ್ಸ್ ಪರ್ವತಗಳಲ್ಲಿ ಸೈಕಲ್ ರಜೆ ಕಳೆಯಬೇಕೆಂದು ಹೊರಡುವ ಕನ್ನಡಿಗರು, ಅದರಲ್ಲೂ ಭಾನುವಾರ ಬೆಳಿಗ್ಗೆ ನಂದಿ ಬೆಟ್ಟ ಹತ್ತಿ ಕಾಲು ಗಟ್ಟಿ ಮಾಡಿಕೊಂಡ ಬೆಂಗಳೂರಿನವರು, ಮೊದಲು ಲೆಕ್ಕ ಹಾಕುವುದು ಏರುದಾರಿಯನ್ನು. ಅಷ್ಟೆತ್ತರ ಹತ್ತಲಾದೀತೇ, ಉಸಿರು ಸಿಕ್ಕೀತೇ ಎಂಬ ಚಿಂತೆ. ಮೊರ್ಜಿನ್ ಇರುವುದು ಸುಮಾರು 1,000 ಮೀಟರ್ ಎತ್ತರದಲ್ಲಿ, ಬೆಂಗಳೂರಿಗಿಂತ ತುಸುವೇ ಮೇಲೆ. ಅದರ ನೆತ್ತಿಯ ಮೇಲೆ ಕುಳಿತಂತಿರುವ ಅವೋರಿಯಾಜ್ 1,800 ಮೀಟರ್. ಮುಳ್ಳಯ್ಯನಗಿರಿ ಇದಕ್ಕಿಂತ ಎತ್ತರ. ಇಂಥ ಕಡೆ ಉಸಿರಿನದು ದೊಡ್ಡ ಸಮಸ್ಯೆಯಲ್ಲ. ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ದಿನವಿಡೀ, ದಿನದ ಮೇಲೆ ದಿನ, ಇಳಿಯುತ್ತಲೇ ಇರಲು ಆಗುತ್ತದೆಯೇ? ಯಾವ ಊರು, ಯಾವ ತಿಂಗಳು, ಎಂಥ ಸೈಕಲ್, ಎಷ್ಟು ದಿನ ಬಿಡುವು ಎಂಬುದೆಲ್ಲ ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ಕೊಟ್ಟುಕೊಂಡ ಉತ್ತರದಿಂದಲೇ ತೀರ್ಮಾನವಾಗಬೇಕು.

ಇಳಿಜಾರು ಎಂದರೆ ಆರಾಮ ಎಂಬ ಭಾವನೆ ಮೊದಲ ದಿನ ಮಧ್ಯಾಹ್ನದೊಳಗೆ ಹೋಗಿಬಿಡುತ್ತದೆ. ಸವಾರ ಸೀಟಿನ ಮೇಲೆ ಕೂರುವಂತಿಲ್ಲ. ಪೆಡಲ್ ಮೇಲೆ ನಿಂತು, ಮೊಣಕೈ ಮೊಣಕಾಲು ಮಡಚಿ, ಬೇರು ಕಲ್ಲುಗಳ ಹೊಡೆತವನ್ನೆಲ್ಲ ಮೈಯಲ್ಲಿ ತಡೆದುಕೊಳ್ಳಬೇಕು. ಮೊದಲು ಸೋಲುವುದು ಮುಂಗೈ. ಬ್ರೇಕ್ ಹಿಡಿದೂ ಹಿಡಿದೂ ಸ್ನಾಯು ಕಲ್ಲಾಗುತ್ತದೆ, ಬೆರಳು ಮರಗಟ್ಟುತ್ತದೆ, ಹ್ಯಾಂಡಲ್ ಹಿಡಿದದ್ದೇ ಗೊತ್ತಾಗದ ಸ್ಥಿತಿ ಬರುತ್ತದೆ. ಅನುಭವಿಗಳು ತೋರುಬೆರಳೊಂದರಿಂದಲೇ ಬ್ರೇಕ್ ಒತ್ತಿ, ಉಳಿದ ಬೆರಳುಗಳಲ್ಲಿ ಹ್ಯಾಂಡಲ್ ಹಿಡಿದಿರುತ್ತಾರೆ. ತಿರುವು ಬರುವ ಮೊದಲೇ ಗಟ್ಟಿಯಾಗಿ ಹಿಡಿದು ವೇಗ ತಗ್ಗಿಸಿ, ತಿರುವಿನೊಳಗೆ ಬ್ರೇಕ್ ಬಿಟ್ಟುಬಿಡುತ್ತಾರೆ. ಹೊಸಬರು ಇದಕ್ಕೆ ತಿರುಗಾಮುರುಗಾ. ಹೆದರಿಕೆಯಿಂದ ಮೇಲಿನಿಂದ ಕೆಳಗಿನ ತನಕ ಎರಡೂ ಬ್ರೇಕನ್ನು ಸವರುತ್ತಲೇ ಬರುತ್ತಾರೆ. ಕೈಗೂ ಬಿಡುವಿಲ್ಲ, ಬ್ರೇಕಿಗೂ ಬಿಡುವಿಲ್ಲ.

ಬ್ರೇಕಿಗೆ ಬಿಡುವಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸವಾರ, ಸೈಕಲ್, ಬೆನ್ನಚೀಲ ಎಲ್ಲ ಸೇರಿ 100 ಕಿಲೋ ಎಂದುಕೊಂಡರೆ, 500 ಮೀಟರ್ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು 490 ಕಿಲೋಜೂಲ್. ಒಂದೂವರೆ ಲೀಟರ್ ತಣ್ಣೀರನ್ನು ಕುದಿ ಬರಿಸಲು ಬೇಕಾಗುವಷ್ಟು. ಗಾಳಿ, ಟೈರು, ಶಾಕ್ ಅಬ್ಸಾರ್ಬರ್ ಒಂದಿಷ್ಟು ಪಾಲು ತೆಗೆದುಕೊಳ್ಳುತ್ತವೆ. ಮಿಕ್ಕಿದ್ದು ಅಂಗೈಯಗಲದ ಎರಡು ಉಕ್ಕಿನ ತಟ್ಟೆಗಳಲ್ಲಿ ಶಾಖವಾಗಿ ಹೋಗಬೇಕು. ಆಗಾಗ ಗಟ್ಟಿಯಾಗಿ ಹಿಡಿದು ಬಿಟ್ಟರೆ ತಟ್ಟೆಗೆ ತಣಿಯಲು ಸಮಯ ಸಿಗುತ್ತದೆ. ಸವರುತ್ತಲೇ ಇದ್ದರೆ ಪ್ಯಾಡಿನ ಮೇಲ್ಮೈ ಹೊಳಪುಗಟ್ಟಿ ಹಿಡಿತ ಕಳೆದುಕೊಳ್ಳುತ್ತದೆ. ಶಾಖ ಒಳಗಿನ ದ್ರವಕ್ಕೂ ತಾಗಿ ಅಲ್ಲಿ ಗುಳ್ಳೆ ಎದ್ದರೆ ಲಿವರ್ ಸಲೀಸಾಗಿ ಹ್ಯಾಂಡಲಿಗೆ ಬಂದು ಅಂಟುತ್ತದೆ, ಸೈಕಲ್ ಮಾತ್ರ ನಿಲ್ಲುವುದಿಲ್ಲ. ಕೆಲವು ಕಂಪನಿಗಳ ಬ್ರೇಕಿನಲ್ಲಿ ಬಳಸುವ ಡಾಟ್ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದು, ಹಳತಾದಷ್ಟೂ ಕಡಿಮೆ ಶಾಖಕ್ಕೇ ಕುದಿಯುತ್ತದೆ. ಹಾಗಾಗಿ ತಮ್ಮದೇ ಸೈಕಲ್ ಒಯ್ಯುವವರು ಹೊರಡುವ ಮುಂಚೆ ಬ್ರೇಕ್ ದ್ರವ ಬದಲಿಸಿಕೊಳ್ಳುವುದು, 200 ಮಿಲಿಮೀಟರಿನ ದೊಡ್ಡ ತಟ್ಟೆ ಹಾಕಿಸಿಕೊಳ್ಳುವುದು, ಲೋಹದ ಪುಡಿಯಿಂದ ಮಾಡಿದ ಪ್ಯಾಡುಗಳ ಒಂದೆರಡು ಜೊತೆ ಚೀಲದಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಮೆತ್ತನೆಯ ರಾಳದ ಪ್ಯಾಡು ಸದ್ದು ಮಾಡುವುದಿಲ್ಲ, ನಿಜ. ಆದರೆ ಮಳೆ ಮತ್ತು ಮರಳುಮಣ್ಣು ಸೇರಿದರೆ ಬೇಗ ಸವೆದುಹೋಗುತ್ತದೆ.

ಮಳೆ ಈ ಇಳಿಜಾರನ್ನು ಏನು ಮಾಡುತ್ತದೆ ಎಂಬುದಕ್ಕೆ 2011ರ ಮೌಂಟನ್ ಬೈಕ್ ವಿಶ್ವ ಚಾಂಪಿಯನ್‌ಶಿಪ್ ಸಾಕ್ಷಿ. ಸ್ವಿಟ್ಜರ್ಲೆಂಡಿನ ಶಾಂಪೆರಿಯಲ್ಲಿ ನಡೆದ ಡೌನ್‌ಹಿಲ್ ಸ್ಪರ್ಧೆಯ ದಿನ ಮಳೆ ಸುರಿದು, ಕಡಿದಾದ ಕಾಡುದಾರಿ ಕೆಸರಾಗಿ, ಬೇರುಗಳೆಲ್ಲ ಜಾರತೊಡಗಿದ್ದವು. ಜಗತ್ತಿನ ಅತ್ಯುತ್ತಮ ಸವಾರರೇ ತಡವರಿಸುತ್ತಿದ್ದಾಗ 19 ವರ್ಷದ ಇಂಗ್ಲಿಷ್ ಹುಡುಗ ಡ್ಯಾನಿ ಹಾರ್ಟ್ ಇಳಿದ ರೀತಿಯನ್ನು ಜನ ಇಂದಿಗೂ ವಿಡಿಯೊ ಹಾಕಿಕೊಂಡು ನೋಡುತ್ತಾರೆ. ಗೆಲುವಿನ ಅಂತರ 11 ಸೆಕೆಂಡಿಗೂ ಹೆಚ್ಚು. ಒಂದೆರಡು ಸೆಕೆಂಡಿನಲ್ಲಿ ಪದಕ ತಪ್ಪುವ ಆಟದಲ್ಲಿ ಇದು ಕೇಳರಿಯದ ಮಾತು. ರಜೆಗೆ ಹೋಗುವವರು ಕಲಿಯಬೇಕಾದ್ದು ಇದರ ಇನ್ನೊಂದು ಮಗ್ಗುಲನ್ನು. ಒದ್ದೆ ಬೇರಿನ ಮೇಲೆ ಅಡ್ಡಕ್ಕೆ ಹೋದ ಚಕ್ರಕ್ಕೆ ಯಾವ ದುಬಾರಿ ಟೈರೂ ಹಿಡಿತ ಕೊಡುವುದಿಲ್ಲ, ಅದರ ಮೇಲೆ ಬ್ರೇಕ್ ಒತ್ತಿದರಂತೂ ಬೀಳುವುದೇ ಸೈ.

ಶಾಂಪೆರಿ ಮತ್ತು ಮೊರ್ಜಿನ್ ಬೇರೆ ಬೇರೆ ದೇಶದಲ್ಲಿದ್ದರೂ ಒಂದೇ ಲಿಫ್ಟ್ ಜಾಲದ ಊರುಗಳು. ಜಿನೀವಾ ಸರೋವರಕ್ಕೂ ಮೋಂಟ್ ಬ್ಲಾಂಕ್‌ಗೂ ನಡುವೆ ಹಬ್ಬಿರುವ ಪೋರ್ಟ್ ದ್ಯು ಸೊಲೇಯ್ ಪ್ರದೇಶದಲ್ಲಿ ಎರಡೂ ದೇಶದ ಒಟ್ಟು 12 ಊರುಗಳು ಸೇರಿಕೊಂಡಿವೆ. ಮೊರ್ಜಿನ್ ಪಕ್ಕದ ಲೆ ಜೆ ಊರಿನಲ್ಲಿ 2004ರಲ್ಲೊಮ್ಮೆ, 2022ರಲ್ಲೊಮ್ಮೆ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಎರಡನೆಯ ಸಲ ಡೌನ್‌ಹಿಲ್ ಪ್ರಶಸ್ತಿಯನ್ನು ಫ್ರಾನ್ಸಿನ ಲೊಯಿಕ್ ಬ್ರುನಿ ತಮ್ಮ ಜನರ ಎದುರೇ ಗೆದ್ದರು. ಮೊದಲ ಸಲ ಹೋಗುವವರಿಗೆ ಈ ಪ್ರದೇಶವೇ ಸರಿಯಾದ ಆಯ್ಕೆ. ಜಿನೀವಾ ವಿಮಾನ ನಿಲ್ದಾಣದಿಂದ ಒಂದೂವರೆ ಗಂಟೆಯ ಹಾದಿ. ಬಾಡಿಗೆ ಸೈಕಲ್, ರಿಪೇರಿ ಅಂಗಡಿ, ತರಬೇತುದಾರರು ಎಲ್ಲವೂ ನಡೆದುಹೋಗುವ ದೂರದಲ್ಲಿ. ದಾರಿಗಳಿಗೆ ಹಸಿರು, ನೀಲಿ, ಕೆಂಪು, ಕಪ್ಪು ಎಂದು ಬಣ್ಣ ಕೊಟ್ಟಿರುತ್ತಾರೆ, ಹಸಿರು ಎಲ್ಲಕ್ಕಿಂತ ಸುಲಭ, ಕಪ್ಪು ಎಲ್ಲಕ್ಕಿಂತ ಕಠಿಣ. ಆದರೆ ಒಂದೂರಿನ ನೀಲಿ ಇನ್ನೊಂದೂರಿನ ಕೆಂಪಿನಷ್ಟು ಕಷ್ಟವಿರಬಹುದು. ಮನೆಯ ಬಳಿ ಎಂಥ ದಾರಿಯಲ್ಲಿ ಓಡಿಸುವವರೇ ಆಗಲಿ, ಮೊದಲ ದಿನ ಹಸಿರು ನೀಲಿಗಳಲ್ಲೇ ಕಳೆಯಬೇಕು.

ಹತ್ತುವುದರಲ್ಲೂ ಸುಖ ಕಾಣುವವರಿಗೆ, ದಿನವಿಡೀ ಲಿಫ್ಟ್ ಸುತ್ತ ತಿರುಗುವುದು ಬೇಡವೆನ್ನುವವರಿಗೆ ಪೂರ್ವ ಸ್ವಿಟ್ಜರ್ಲೆಂಡಿನ ಗ್ರಾಬ್ಯುಂಡನ್ ಪ್ರಾಂತ ಹೆಚ್ಚು ಹಿಡಿಸೀತು. ಹತ್ತು ಸಲ ವಿಶ್ವ ಚಾಂಪಿಯನ್ ಆದ ನೀನೊ ಶುರ್ಟರ್ ಈ ಪ್ರಾಂತದವರು. 2018ರಲ್ಲಿ ಇಲ್ಲಿನ ಲೆಂಜರ್‌ಹೈಡೆಯಲ್ಲಿ, ಮನೆಯಂಗಳದಲ್ಲೇ ಎನ್ನಬಹುದು, ಅವರು ಏಳನೆಯ ಸಲ ಗೆದ್ದರು. ಇಲ್ಲಿ ಲಿಫ್ಟಿನಷ್ಟೇ ಕೆಲಸಕ್ಕೆ ಬರುವುದು ರೈಲು. ರೇಶಿಯನ್ ರೈಲ್ವೆಯ ಕೆಂಪು ಗಾಡಿಗೆ ಸೈಕಲ್ ಏರಿಸಿ 2,253 ಮೀಟರ್ ಎತ್ತರದ ಓಸ್ಪಿಟ್ಸಿಯೊ ಬೆರ್ನಿನಾ ನಿಲ್ದಾಣದಲ್ಲಿ ಇಳಿದರೆ, ಅಲ್ಲಿಂದ ಸುಮಾರು 1,000 ಮೀಟರ್ ಎತ್ತರದ ಪೊಸ್ಕಿಯಾವೊ ಊರಿನವರೆಗೆ ಹುಲ್ಲುಗಾವಲು, ಬಂಡೆ, ಕೆರೆ, ಕಾಡು ದಾಟುತ್ತ ಇಳಿಯಬಹುದು. ಕೆಳಗಿನ ನಿಲ್ದಾಣದಲ್ಲಿ ಮತ್ತೆ ಅದೇ ರೈಲು ಹಿಡಿದು ವಾಪಸು. 2008ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ರೈಲುಮಾರ್ಗವಿದು. ಸ್ವಿಸ್ ರೈಲುಗಳಲ್ಲಿ ಸೈಕಲ್ಲಿಗೆ ಬೇರೆ ಟಿಕೆಟ್ ಬೇಕು. ಬೇಸಿಗೆಯ ತಿಂಗಳುಗಳಲ್ಲಿ ಇಂಟರ್‌ಸಿಟಿ ರೈಲುಗಳಿಗೆ ಸೈಕಲ್ ಜಾಗವನ್ನೂ ಮುಂಗಡ ಕಾಯ್ದಿರಿಸಬೇಕು.

ಮೂರನೆಯ ಬಗೆ ಆಲ್ಪ್ಸ್ ದಾಟುವ ಯಾತ್ರೆ. ಜರ್ಮನಿಯ ಓಬರ್ಸ್‌ಡಾರ್ಫ್‌ನಿಂದ ಇಟಲಿಯ ಗಾರ್ಡಾ ಸರೋವರದ ದಡದ ರೀವಾ ಊರಿನವರೆಗಿನ ದಾರಿಗೆ, ಅದನ್ನು ಮೊದಲು ಹುಡುಕಿದ ಪರ್ವತ ಮಾರ್ಗದರ್ಶಿ ಆಂಡ್ರಿಯಾಸ್ ಹೆಕ್ಮಾಯರ್ ಅವರದೇ ಹೆಸರು. ಇವರ ತಂದೆ ಆಂಡರ್ಲ್ ಹೆಕ್ಮಾಯರ್ 1938ರಲ್ಲಿ ಐಗರ್ ಶಿಖರದ ಉತ್ತರ ಗೋಡೆಯನ್ನು ಮೊದಲು ಏರಿದ ತಂಡದಲ್ಲಿದ್ದವರು. ಸುಮಾರು ಒಂದು ವಾರದ ಈ ಯಾತ್ರೆಯಲ್ಲಿ ಲಿಫ್ಟಿನ ನೆರವು ಕಡಿಮೆ, ಸೈಕಲ್ ಹೆಗಲ ಮೇಲೆ ಹೊತ್ತು ನಡೆಯಬೇಕಾದ ಕಣಿವೆ ದಾರಿಗಳೂ ಉಂಟು, ರಾತ್ರಿ ತಂಗುವುದು ಬೆಟ್ಟದ ಗುಡಿಸಲುಗಳಲ್ಲಿ. ಅಪ್ಪಟ ಪರ್ವತಪ್ರೇಮಿಗಳ ಕನಸು ಇದು, ಮೊದಲ ರಜೆಗೆ ತಕ್ಕುದಲ್ಲ. ಆಲ್ಪ್ ದುಯೇಜ್‌ನ 3,330 ಮೀಟರ್ ಎತ್ತರದ ಪಿಕ್ ಬ್ಲಾಂಕ್ ಶಿಖರದಿಂದ ನೂರಾರು ಜನ ಒಟ್ಟಿಗೆ ಇಳಿಯುವ ಮೆಗಾವಲಾಂಚ್ ಸ್ಪರ್ಧೆಯ ವಿಡಿಯೊ ನೋಡಿ ಹುರುಪುಗೊಂಡವರಿಗೂ ಇದೇ ಮಾತು.

ಇನ್ನು ತಿಂಗಳಿನ ವಿಚಾರ. ಕರ್ನಾಟಕದ ಶಾಲೆಗಳಿಗೆ ಬೇಸಿಗೆ ರಜೆ ಏಪ್ರಿಲ್, ಮೇ. ಆ ಹೊತ್ತಿಗೆ ಆಲ್ಪ್ಸ್‌ನ ಎತ್ತರದ ದಾರಿಗಳು ಹಿಮದಡಿ ಇರುತ್ತವೆ, ಬಹುಪಾಲು ಲಿಫ್ಟುಗಳು ಮುಚ್ಚಿರುತ್ತವೆ. ದಸರಾ ರಜೆಗೆ ಹೋದರೆ ಹೆಚ್ಚಿನ ಕಡೆ ಅಂಗಡಿ ಕಟ್ಟಿರುತ್ತಾರೆ. ಪೋರ್ಟ್ ದ್ಯು ಸೊಲೇಯ್‌ನಲ್ಲಿ ಲಿಫ್ಟುಗಳು ಪೂರ್ತಿಯಾಗಿ ಓಡುವುದು ಜೂನ್ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರಗಳ ತನಕ. ಎಂದರೆ ಕರ್ನಾಟಕದಲ್ಲಿ ಮಳೆಗಾಲ ಜೋರಾಗಿರುವಾಗ. ಜೂನ್ ಕೊನೆಯಲ್ಲಿ ಹೂವು, ಹಸಿರು, ಮೃದುವಾದ ಮಣ್ಣು ಸಿಗುತ್ತದೆ, ಆದರೆ 2,500 ಮೀಟರಿಗಿಂತ ಮೇಲಿನ ಕಣಿವೆದಾರಿಗಳಲ್ಲಿ ಹಿಮ ಉಳಿದಿರಬಹುದು. ಆಗಸ್ಟ್ 15ರ ಆಸುಪಾಸು ಫ್ರಾನ್ಸ್, ಇಟಲಿಗಳಲ್ಲಿ ಊರಿಗೆ ಊರೇ ರಜೆಯಲ್ಲಿರುವುದರಿಂದ ಕೋಣೆ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಅಷ್ಟು ಹೊತ್ತಿಗೆ ಸಾವಿರಾರು ಸವಾರರು ಒಂದೇ ಜಾಗದಲ್ಲಿ ಬ್ರೇಕ್ ಹಿಡಿದೂ ಹಿಡಿದೂ ತಿರುವುಗಳ ಮುಂದೆ ನೆಲ ಅಲೆಅಲೆಯಾಗಿ ಎದ್ದಿರುತ್ತದೆ, ಮುಂಗೈಗೆ ಅದೇ ದೊಡ್ಡ ಶತ್ರು. ಜುಲೈ ಮೊದಲ ಎರಡು ವಾರ ಅಥವಾ ಸೆಪ್ಟೆಂಬರ್ ಮೊದಲ ವಾರ ಒಳ್ಳೆಯದು. ಯಾವಾಗ ಹೋದರೂ ಬೇಸಿಗೆಯ ಮಧ್ಯಾಹ್ನಗಳಲ್ಲಿ ಗುಡುಗು ಸಿಡಿಲು ಮಾಮೂಲು; ಎತ್ತರದ ದಾರಿಗಳನ್ನು ಬೆಳಗಿನಲ್ಲೇ ಮುಗಿಸಿಕೊಳ್ಳಬೇಕು, ಸಿಡಿಲಿದ್ದರೆ ಲಿಫ್ಟ್ ನಿಲ್ಲಿಸಿಬಿಡುತ್ತಾರೆ.

ಸೈಕಲ್ ಒಯ್ಯುವುದೋ, ಅಲ್ಲಿಯೇ ಬಾಡಿಗೆಗೆ ಪಡೆಯುವುದೋ? ಒಂದು ವಾರದ ರಜೆಗಾದರೆ ಬಾಡಿಗೆಯೇ ಮೇಲು. ಮುಂದೆ ಹಿಂದೆ 160 ಮಿಲಿಮೀಟರ್ ಆಸುಪಾಸು ಶಾಕ್ ಇರುವ ಎಂಡ್ಯುರೊ ಸೈಕಲ್ ಹೊಸಬರಿಗೆ ಎಲ್ಲ ದಾರಿಗೂ ಒದಗುತ್ತದೆ, ಸವೆದ ಪ್ಯಾಡಿನ ಚಿಂತೆ ಅಂಗಡಿಯವರದು. ಮುರಿದರೆ ಯಾರು ಕೊಡಬೇಕು ಎಂಬುದನ್ನು ಮಾತ್ರ ಸಹಿ ಹಾಕುವ ಮುನ್ನ ಓದಿಕೊಳ್ಳಬೇಕು. ಬ್ಯಾಟರಿ ಸೈಕಲ್ ಬೇಕೆಂದರೆ ಬೇರೆ ದಾರಿಯೇ ಇಲ್ಲ. ಪ್ರಯಾಣಿಕರ ವಿಮಾನದಲ್ಲಿ 160 ವ್ಯಾಟ್-ಅವರ್ ಮೀರಿದ ಲಿಥಿಯಂ ಬ್ಯಾಟರಿ ಒಯ್ಯುವಂತಿಲ್ಲ, ಈ ಸೈಕಲ್‌ಗಳ ಬ್ಯಾಟರಿ ಸಾಮಾನ್ಯವಾಗಿ ಅದರ ಮೂರು ನಾಲ್ಕು ಪಟ್ಟು ಇರುತ್ತದೆ. ತಮ್ಮ ತಲೆಗೆ ಸರಿಯಾಗಿ ಕೂರುವ ಹೆಲ್ಮೆಟ್, ಕೈಗವಸು, ಮೊಣಕಾಲು ಪ್ಯಾಡುಗಳನ್ನಂತೂ ಇಲ್ಲಿಂದಲೇ ಒಯ್ಯುವುದು ಲೇಸು.

ವೀಸಾಕ್ಕೆ ಪ್ರಯಾಣದ ದಿನಕ್ಕಿಂತ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ ಮುಂಚೆ. ಬೇಸಿಗೆಯಲ್ಲಿ ಅರ್ಜಿಗಳ ರಾಶಿ ಇರುವುದರಿಂದ ಮಾರ್ಚ್, ಏಪ್ರಿಲಿನಲ್ಲೇ ಮುಗಿಸಿಕೊಂಡರೆ ನೆಮ್ಮದಿ. ಹೆಚ್ಚು ರಾತ್ರಿ ಎಲ್ಲಿ ತಂಗುತ್ತಾರೋ ಆ ದೇಶದ ವೀಸಾಕ್ಕೆ ಅರ್ಜಿ ಹಾಕಬೇಕು. ಫ್ರಾನ್ಸ್, ಸ್ವಿಟ್ಜರ್ಲೆಂಡ್ ಎರಡೂ ಷೆಂಗೆನ್ ಒಪ್ಪಂದದಲ್ಲಿರುವುದರಿಂದ ಬೆಟ್ಟದ ನೆತ್ತಿಯ ಗಡಿಯನ್ನು ಸೈಕಲ್ಲಿನಲ್ಲಿ ದಿನಕ್ಕೆ ನಾಲ್ಕು ಸಲ ದಾಟಿದರೂ ಒಂದೇ ವೀಸಾ ಸಾಕು. ಪಾಸ್‌ಪೋರ್ಟಿನ ಜೆರಾಕ್ಸ್ ಬೆನ್ನಚೀಲದಲ್ಲಿರಲಿ.

ವೀಸಾಕ್ಕೆ ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಅದನ್ನು ತೋರಿಸಿದರೆ ವೀಸಾ ಸಿಗುತ್ತದೆ. ಆದರೆ ಬಿದ್ದಾಗ ಅದು ಕೈಹಿಡಿಯುತ್ತದೆಯೇ ಎಂಬುದು ಬೇರೆ ಮಾತು. ಇಲ್ಲಿ ಮಾರುವ ಎಷ್ಟೋ ಪ್ರವಾಸ ವಿಮೆಗಳಲ್ಲಿ ಸಾಹಸ ಕ್ರೀಡೆಯ ಗಾಯಗಳಿಗೆ ಪರಿಹಾರವಿಲ್ಲ ಎಂಬ ಸಾಲು ಸಣ್ಣ ಅಕ್ಷರದಲ್ಲಿ ಇರುತ್ತದೆ. ಲಿಫ್ಟ್ ಬಳಸಿ ಇಳಿಯುವ ಮೌಂಟನ್ ಬೈಕಿಂಗ್, ಬೆಟ್ಟದಿಂದ ಹೆಲಿಕಾಪ್ಟರಿನಲ್ಲಿ ಎತ್ತಿ ತರುವ ಖರ್ಚು, ಇವೆರಡೂ ಸೇರಿವೆ ಎಂದು ವಿಮಾ ಕಂಪನಿಯಿಂದ ಬರಹದಲ್ಲಿ ಪಡೆದುಕೊಂಡೇ ಹಣ ಕಟ್ಟಬೇಕು. ಇದರಲ್ಲಿ ಉಳಿತಾಯ ಮಾಡಲೇಬಾರದು. ಫ್ರಾನ್ಸಿನಲ್ಲಿ ಸರ್ಕಾರಿ ಪರ್ವತ ರಕ್ಷಣಾ ತಂಡ ಹಣ ಕೇಳುವುದಿಲ್ಲ, ಆದರೆ ಕ್ರೀಡೆಯ ವೇಳೆ ನಡೆದ ರಕ್ಷಣೆಯ ವೆಚ್ಚವನ್ನು ಸ್ಥಳೀಯ ಆಡಳಿತ ವಸೂಲು ಮಾಡಬಹುದು. ಸ್ವಿಟ್ಜರ್ಲೆಂಡ್, ಆಸ್ಟ್ರಿಯಾಗಳಲ್ಲಿ ಬಿಲ್ಲು ಬಂದೇ ಬರುತ್ತದೆ. ಯುರೋಪಿನ ಎಲ್ಲೆಡೆ ತುರ್ತು ಸಂಖ್ಯೆ 112. ಸ್ವಿಟ್ಜರ್ಲೆಂಡಿನ ವಾಯು ರಕ್ಷಣಾ ಸಂಸ್ಥೆ ರೇಗಾದ್ದು 1414, ಶಾಂಪೆರಿ ಇರುವ ವಲೇ ಪ್ರಾಂತದಲ್ಲಿ ಮಾತ್ರ 144. ಹೆಲಿಕಾಪ್ಟರ್ ಕಾಣಿಸಿದಾಗ ಎರಡೂ ಕೈಗಳನ್ನು ಮೇಲೆತ್ತಿ ಹಿಡಿದರೆ ‘ಹೌದು, ಸಹಾಯ ಬೇಕು’ ಎಂದು ಅರ್ಥ. ಸುಮ್ಮನೆ ಖುಷಿಗೆ ಹಾಗೆ ಕೈ ಎತ್ತಬಾರದು.

ಬೆಟ್ಟ ಸವಾರರಿಗಷ್ಟೇ ಸೇರಿದ್ದಲ್ಲ. ಆಸ್ಟ್ರಿಯಾದ 1975ರ ಅರಣ್ಯ ಕಾಯ್ದೆ ಕಾಡಿನಲ್ಲಿ ನಡೆಯಲು ಎಲ್ಲರಿಗೂ ಹಕ್ಕು ಕೊಟ್ಟಿದೆ, ಸೈಕಲ್ ಓಡಿಸಲು ಮಾತ್ರ ಜಮೀನಿನ ಒಡೆಯರ ಒಪ್ಪಿಗೆ ಬೇಕು. ಅಲ್ಲಿ ಫಲಕ ಹಾಕಿದ ದಾರಿ ಬಿಟ್ಟು ಅತ್ತಿತ್ತ ಹೋಗುವಂತಿಲ್ಲ. ಗ್ರಾಬ್ಯುಂಡನ್‌ನಲ್ಲಿ ಚಾರಣಿಗರೂ ಸೈಕಲ್ಲಿನವರೂ ಒಂದೇ ದಾರಿಯನ್ನು ಹಂಚಿಕೊಳ್ಳುತ್ತಾರೆ. ಎದುರಿಗೆ ಕಾಲ್ನಡಿಗೆಯವರು ಬಂದರೆ ಸೈಕಲ್ ನಿಲ್ಲಿಸಿ, ನಮಸ್ಕಾರ ಹೇಳಿ, ಅವರು ದಾಟಿದ ಮೇಲೆ ಹೊರಡುವುದು ಅಲ್ಲಿನ ವಾಡಿಕೆ. ಎಲ್ಲರೂ ಅದನ್ನು ಪಾಲಿಸುವುದರಿಂದಲೇ ಆ ದಾರಿಗಳು ಸೈಕಲ್ಲಿಗೆ ತೆರೆದುಕೊಂಡಿವೆ. ಹುಲ್ಲುಗಾವಲಿನ ಬೇಲಿ ಬಾಗಿಲು ತೆರೆದವರೇ ಮುಚ್ಚಬೇಕು, ಕರು ಜೊತೆಗಿರುವ ಹಸುವಿನಿಂದ ದೂರ ಇರಬೇಕು.

ಕುರಿಮಂದೆ ಸಿಕ್ಕರೆ ಇನ್ನೂ ಎಚ್ಚರ. ಇಟಲಿಯ ಕಡೆಯಿಂದ ತೋಳಗಳು ತಾವಾಗಿಯೇ ಫ್ರಾನ್ಸಿನ ಆಲ್ಪ್ಸ್‌ಗೆ ಮರಳಿದ್ದು 1992ರಲ್ಲಿ ಗೊತ್ತಾಯಿತು. ಆಮೇಲೆ ಕುರುಬರು ಮಂದೆಯ ಕಾವಲಿಗೆ ಪಾತೂ ಎಂಬ ಬಿಳಿಯ ದೊಡ್ಡ ನಾಯಿಗಳನ್ನು ಮತ್ತೆ ಸಾಕತೊಡಗಿದರು. ಮರಿಯಾಗಿದ್ದಾಗಿನಿಂದ ಕುರಿಗಳ ಜೊತೆಯೇ ಬೆಳೆಯುವ ಈ ನಾಯಿಗೆ ಮಂದೆಯೇ ಮನೆ. ವೇಗವಾಗಿ ನುಗ್ಗಿ ಬರುವ ಸೈಕಲ್ ಅದರ ಕಣ್ಣಿಗೆ ಬೇಟೆಗೆ ಬಂದ ಪ್ರಾಣಿ. ಬೊಗಳುತ್ತ ಬಂದರೆ ಓಡಿಸಿಕೊಂಡು ಹೋಗಲು ನೋಡಬಾರದು. ಇಳಿದು ನಿಂತು, ಸೈಕಲ್ಲನ್ನು ನಾಯಿಗೂ ತನಗೂ ನಡುವೆ ಇಟ್ಟುಕೊಂಡು, ಮೆಲುದನಿಯಲ್ಲಿ ಮಾತಾಡುತ್ತ, ಮಂದೆಯನ್ನು ದೂರದಿಂದ ಸುತ್ತುಹಾಕಿ ನಡೆದುಹೋಗಬೇಕು. ಮೂಸಿ ನೋಡಿ, ಕುರಿಗೆ ಅಪಾಯವಿಲ್ಲವೆಂದು ತಿಳಿದರೆ ಸಾಮಾನ್ಯವಾಗಿ ತಾನೇ ಹಿಂದಿರುಗುತ್ತದೆ.

ಊಟದ ಬಗ್ಗೆ ಒಂದು ಮಾತು, ಸಸ್ಯಾಹಾರಿಗಳಿಗೆ. ಸವೊಯ್ ಪ್ರದೇಶದ ಹೆಸರಾಂತ ತಾರ್ತಿಫ್ಲೆಟ್ ಆಲೂಗಡ್ಡೆ ಮತ್ತು ಚೀಸಿನ ತಿನಿಸೆಂದು ಕಂಡರೂ ಅದರಲ್ಲಿ ಹಂದಿಮಾಂಸದ ಚೂರು ಹಾಕುವುದು ರೂಢಿ, ಕೇಳಿಯೇ ತರಿಸಬೇಕು. ರೆಬ್ಲೊಶೋನ್, ಅಬೊಂದಾನ್ಸ್ ಮೊದಲಾದ ಅಲ್ಲಿನ ಸಾಂಪ್ರದಾಯಿಕ ಚೀಸುಗಳಿಗೆ ಹಾಲು ಒಡೆಸಲು ಬಳಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್. ಕಟ್ಟುನಿಟ್ಟಿನವರಿಗೆ ಇದು ತಿಳಿದಿರಲಿ. ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿದು, ಅಕ್ಕಿ ಬೇಳೆ ಒಯ್ದರೆ ಖರ್ಚೂ ಉಳಿಯುತ್ತದೆ.

ಏಳು ದಿನದ ರಜೆಯಾದರೆ ಐದು ದಿನದ ಲಿಫ್ಟ್ ಪಾಸ್ ಸಾಕು. ಮೂರನೆಯ ದಿನದ ಹೊತ್ತಿಗೆ ಅಂಗೈ ಕೆಂಪಾಗಿ, ಹೆಗಲು ಬಿಗಿದು, ಕಣ್ಣಿಗೆ ದಾರಿ ಕಂಡರೂ ಕೈ ತಡವಾಗಿ ಓಗೊಡುತ್ತದೆ. ನಾಲ್ಕನೆಯ ದಿನವನ್ನು ಈಜುಕೊಳಕ್ಕೋ ಸರೋವರದ ದಡಕ್ಕೋ ಮೀಸಲಿಟ್ಟವರು ಐದನೆಯ ದಿನ ಚೆನ್ನಾಗಿ ಓಡಿಸುತ್ತಾರೆ. ಪ್ರತಿ ಸಂಜೆ ‘ಇನ್ನೊಂದೇ ಸಲ’ ಎನ್ನುವ ಆಸೆ ಬರುವ ಹೊತ್ತಿಗೆ ಕೈ ಸೋತಿರುತ್ತದೆ. ಮೇಲೆ ಹೋದ ಮೇಲೆ ಆಗುವುದಿಲ್ಲ ಎನಿಸಿದರೆ ಎಷ್ಟೋ ಕಡೆ ಸೈಕಲ್ ಸಮೇತ ಗೊಂಡೋಲದಲ್ಲೇ ಇಳಿಯಬಹುದು. ಅಲ್ಲಿನವರೂ ಹಾಗೆ ಮಾಡುತ್ತಾರೆ, ಸಂಕೋಚಪಡಬೇಕಾಗಿಲ್ಲ. ಇನ್ನು ಮೊರ್ಜಿನ್‌ನಲ್ಲಿ ತಂಗಿದವರು ಗಡಿ ದಾಟಿ ಶಾಂಪೆರಿ ಕಡೆಗೆ ಹೋದ ದಿನ ವಾಪಸು ಬರುವ ಕೊನೆಯ ಲಿಫ್ಟಿನ ಸಮಯವನ್ನು ಬೆಳಿಗ್ಗೆಯೇ ಬರೆದಿಟ್ಟುಕೊಳ್ಳಬೇಕು. ದಾರಿಯಲ್ಲಿ ಒಂದು ಪಂಕ್ಚರಿಗೆ ಹಿಡಿಯುವ ಹೊತ್ತನ್ನೂ ಅದರಲ್ಲಿ ಕಳೆದು ಲೆಕ್ಕ ಹಾಕಬೇಕು. ಆ ಲಿಫ್ಟ್ ತಪ್ಪಿದರೆ ಬೆಟ್ಟದ ಆಚೆ ಬದಿಯಲ್ಲಿ ಉಳಿಯುವುದು ಟ್ಯಾಕ್ಸಿ ಮಾತ್ರ, ಅದೂ ಸೈಕಲ್ ಹಿಡಿಸುವಂಥದ್ದು ಸಿಕ್ಕರೆ. ಬೆಟ್ಟವನ್ನು ಸುತ್ತಿಕೊಂಡು ಬರುವ ಆ ರಸ್ತೆ ಒಂದು ಗಂಟೆಗೂ ಮೀರಿದ್ದು.